ಡಿವೋರ್ಸ್ ನಡೆಯುತ್ತಿರುವಾಗ ಮಗಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸ್‌ಗೆ ಹೋಗಿ ನೆಲೆಸಬಹುದೇ?
ದಯವಿಟ್ಟು ಹಾಗೇ ಹೊರಟುಬಿಡಬೇಡಿ. ಕ್ಯಾಲಿಫೋರ್ನಿಯಾದ ಡಿವೋರ್ಸ್ ಸಮನ್ಸ್‌ನಲ್ಲೇ ತಡೆಯಾಜ್ಞೆ ಅಚ್ಚಾಗಿರುತ್ತದೆ: ಗಂಡ-ಹೆಂಡತಿಯಲ್ಲಿ ಇನ್ನೊಬ್ಬರ ಲಿಖಿತ ಒಪ್ಪಿಗೆ ಅಥವಾ ಕೋರ್ಟ್ ಆದೇಶ ಇಲ್ಲದೆ ಅಪ್ರಾಪ್ತ ಮಗುವನ್ನು ರಾಜ್ಯದಿಂದ ಹೊರಗೆ ಕರೆದೊಯ್ಯುವಂತಿಲ್ಲ, ಮಗುವಿಗೆ ಹೊಸ ಪಾಸ್‌ಪೋರ್ಟ್‌ಗೂ ಅರ್ಜಿ ಹಾಕುವಂತಿಲ್ಲ. ಬೇಸಿಗೆ ರಜೆಗೆ ಬೆಂಗಳೂರಿನ ಅಜ್ಜಿ ಮನೆಗೆ ಹೋಗುವುದಕ್ಕೂ ಇದೇ ನಿಯಮ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಹೋದರೂ ಕೇಸು ನಿಮ್ಮ ಹಿಂದೆ ಟೆಕ್ಸಾಸ್‌ಗೆ ಬರುವುದಿಲ್ಲ. ಕೇಸು ಹಾಕುವ ಮೊದಲಿನ 6 ತಿಂಗಳು ಮಗು ಎಲ್ಲಿತ್ತೋ, ಸಾಮಾನ್ಯವಾಗಿ ಮಗು ಯಾರ ಬಳಿ ಇರಬೇಕೆಂದು (ಕಸ್ಟಡಿ) ತೀರ್ಮಾನಿಸುವ ಅಧಿಕಾರ ಆ ರಾಜ್ಯದ ಕೋರ್ಟಿಗೇ.

ಮೊದಲು ಅನುಮತಿಗೆ ಅರ್ಜಿ ಹಾಕಿ. ಅಲ್ಲಿನ ಶಾಲೆ, ಮಗುವನ್ನು ನೋಡಿಕೊಳ್ಳುವವರು, ಮುಖ್ಯವಾಗಿ ತಂದೆಯ ಜೊತೆ ಒಡನಾಟ ಹೇಗೆ ಉಳಿಯುತ್ತದೆ ಎಂಬುದನ್ನು ವಿವರವಾಗಿ ಬರೆಯಿರಿ. ಮನೆಯಲ್ಲಿ ಹಿಂಸೆಯಿದ್ದರೆ ಕಾಯಬೇಡಿ, ಇಂದೇ ವಕೀಲರಿಗೆ ತಿಳಿಸಿ.