ನೋಡೋಕೆ ಏನೂ ಇಲ್ಲದ ಊರು

ಸಾಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ಒಡಿಶಾದ ಪುರಿಗೆ ಹೋದವರು ನಿಮ್ಮ ಮಾತು ನಂಬಿ ಚಿಲಿಕಾ ಸರೋವರದ ಪಾರಿಕುದ ದ್ವೀಪಗಳಿಗೂ ಹೋದೆವು. ಅರ್ಧ ದಿನ ದಂಡ. ಅಲ್ಲಿ ನೋಡೋಕೆ ಏನೂ ಇಲ್ಲ. ಡಾಲ್ಫಿನ್ ಬೋಟೇ ವಾಸಿ. ಇಂಥ ಸ್ಪಾಟ್‌ಗಳನ್ನು ಯಾಕೆ ಹೊಗಳುತ್ತೀರಿ?"

ಸ್ವಾಮಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ನಗು ಬಂತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು.

ಮಕ್ಕಳು ಜೊತೆಗಿದ್ದರೆ ಡಾಲ್ಫಿನ್ ಬೇಕೇ ಬೇಕು, ಒಪ್ಪಿದೆ. ಇಡೀ ಚಿಲಿಕಾದಲ್ಲಿ ಇರೋದೇ ನೂರೈವತ್ತರ ಆಸುಪಾಸು. ಒಂದರ ಬೆನ್ನು ಕಂಡರೂ ಪುಣ್ಯ. ಸರೋವರದ ದಡದ ಊರು ಸಾತಪಡಾದ ಬೋಟಿನವರ ಹೊಟ್ಟೆಪಾಡೂ ಅದೇ. ಆಯ್ತಲ್ಲ, ಇನ್ನು ನನ್ನ ಸರದಿ.

ಬೋಟಿನವರು ಸರೋವರದ ನಡುಗಡ್ಡೆಯಲ್ಲಿರುವ ಕಾಳಿಜಾಯಿ ಗುಡಿಯ ಕತೆ ಹೇಳಿರಬೇಕು. ಬಾಣಪುರದ ಕಡೆಯ ಜಾಯಿ ಅನ್ನೋ ಹುಡುಗಿಯನ್ನು ದೋಣಿಯಲ್ಲಿ ಗಂಡನ ಮನೆಗೆ ಕರೆದೊಯ್ಯುತ್ತಿದ್ದರು. ಬಿರುಗಾಳಿ ಎದ್ದಿತು. ಉಳಿದವರು ಬದುಕಿದರು, ಹುಡುಗಿ ಮಾತ್ರ ಸಿಗಲಿಲ್ಲ. ಆಮೇಲೆ ದೇವಿಯಾದಳು. ಸಂಕ್ರಾಂತಿಗೆ ಜಾತ್ರೆಯೂ ಆಗುತ್ತದೆ. ಆದರೆ ಅವಳು ಹೊರಟಿದ್ದು ಯಾವ ಊರಿಗೆ ಅಂತ ಕೇಳಿದಿರಾ? ಪಾರಿಕುದಕ್ಕೆ! ಜಾಯಿ ಮುಟ್ಟಲಾಗದ ಊರನ್ನು ನೀವು ಮುಟ್ಟಿ, ಅರ್ಧ ದಿನ ದಂಡ ಅಂತ ವಾಪಸ್ ಬಂದಿದ್ದೀರಿ.

ನಾನು ಹೋದಾಗ ಸಾತಪಡಾದಿಂದ ಜಹ್ನಿಕುದಕ್ಕೆ ಬಾರ್ಜಿನಲ್ಲಿ ದಾಟಿದೆ. ಬೈಕಿಗೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡವನು ಒಬ್ಬ. ಪಕ್ಕದಲ್ಲಿ ಏಡಿ ಬುಟ್ಟಿ ಇಟ್ಟುಕೊಂಡ ಹೆಂಗಸು. ಒಂದೊಂದು ಏಡಿಯ ಕೊಂಡಿಗೂ ದಾರ ಸುತ್ತಿ ಗಂಟು ಹಾಕಿದ್ದಳು. ಆಚೆ ದಡದ ಚಹಾದಂಗಡಿಯಲ್ಲಿ ಮುದುಕರೊಬ್ಬರು ಕೇಳಿದರು, "ಯಾರ ಮನೆಗೆ ಬಂದ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಬಂದೆ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಪಾಪ, ಇನ್ನೊಂದು ಚಹಾ ಹೇಳಿದರು.

ಬಾರ್ಜಿನಿಂದ ನೀವು ಏನನ್ನೂ ಕಾಣಲಿಲ್ಲವೇ? ನೀರಲ್ಲೇ ಬಿದಿರು ನೆಟ್ಟು ಬಲೆ ಬಿಗಿದ ಬೇಲಿಗಳು? ಅವಕ್ಕೆ ಘೇರಿ ಅನ್ನುತ್ತಾರೆ, ಸಿಗಡಿ ಸಾಕೋದಕ್ಕೆ. ಸಿಗಡಿಗೆ ಒಳ್ಳೇ ರೇಟು ಬಂದ ಮೇಲೆ ದುಡ್ಡಿದ್ದವರು ಬೇಲಿ ಹಾಕಿದರು, ತಲೆಮಾರುಗಳಿಂದ ಬಲೆ ಬೀಸುತ್ತಿದ್ದವರು ಹೊರಗುಳಿದರು. ದಡದಿಂದ 1000 ಮೀಟರ್ ಒಳಗೆ ಸಿಗಡಿ ಹೊಂಡ ಕೂಡದು ಅಂತ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಬೇಲಿ ಹೋಗಲಿಲ್ಲ. 1999ರ ಮೇ ತಿಂಗಳಲ್ಲಿ ಮೀನುಗಾರರೇ ಕೀಳಲು ಹೊರಟರು. ಸೋರಾನ ಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ನಾಲ್ಕು ಜನ ಸತ್ತರು. ಮರುವರ್ಷ ಸರೋವರದಿಂದ ಸಮುದ್ರಕ್ಕೆ ಹೊಸ ಬಾಯಿ ತೋಡಿದಾಗ ಉಪ್ಪುನೀರು ಒಳಗೆ ಬಂತು, ಮೀನೂ ಜಾಸ್ತಿಯಾಯಿತು. ಆ ನೀರು ಯಾರದ್ದು ಅನ್ನೋ ಜಗಳ ಮಾತ್ರ ಮುಗಿದಿಲ್ಲ. ಇದೆಲ್ಲ "ಏನೂ ಇಲ್ಲ"ದ ಲೆಕ್ಕಕ್ಕೆ ಬರುತ್ತಾ?

ಅದೂ ನೀವು ಸಾಗರದವರು! ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ಹಿನ್ನೀರಿನಾಚೆಯ ತುಮರಿಯವರು ಎಷ್ಟು ವರ್ಷ ಲಾಂಚಿಗೆ ಕಾದರು ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 2025ರ ಜುಲೈನಲ್ಲಿ ಸೇತುವೆ ಆಗುವ ತನಕ ಆಸ್ಪತ್ರೆಗೂ ಲಾಂಚೇ, ಮದುವೆಗೂ ಲಾಂಚೇ. ಭಾನುವಾರ ಮಾತ್ರ ನಮ್ಮಂಥವರ ಕಾರುಗಳು ಸಾಲು ನಿಲ್ಲುತ್ತಿದ್ದವು. ಆ ಸಾಲಿನಲ್ಲಿ ಸೆಲ್ಫಿ ತೆಗೆಯುತ್ತಾ ನಿಂತವನೊಬ್ಬ "ತುಮರಿಯಲ್ಲಿ ನೋಡೋಕೆ ಏನೂ ಇಲ್ಲ" ಅಂದಿದ್ದರೆ ನಿಮಗೆ ಹೇಗಾಗುತ್ತಿತ್ತು?

ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ. ನನ್ನ ಮೇಜಿಗೆ ಬರುವ ಪ್ರವಾಸ ಲೇಖನಗಳೆಲ್ಲ "ಪ್ರಕೃತಿಯ ಮಡಿಲಲ್ಲಿ" ಅಂತಲೇ ಶುರು. ಜಲಪಾತದ ಎತ್ತರ ಇರುತ್ತದೆ, ರೆಸಾರ್ಟಿನ ಬಾಡಿಗೆ ಇರುತ್ತದೆ. ಅಲ್ಲಿ ಯಾರು ಬದುಕುತ್ತಾರೆ, ಏನು ಉಣ್ಣುತ್ತಾರೆ ಅನ್ನೋದು ಒಂದು ಸಾಲೂ ಇಲ್ಲ. ವಾಪಸ್ ಕಳಿಸಿದರೆ ಲೇಖಕರಿಗೆ ಸಿಟ್ಟು. ಪ್ರಕಟಿಸಿದರೆ ಮುಂದಿನ ವಾರವೇ ಅಲ್ಲಿ ನೂರು ಕಾರು, ಬಾಟಲಿ, ಚಿಪ್ಸ್ ಪ್ಯಾಕೆಟ್ಟು.

ಇನ್ನೊಮ್ಮೆ ಹೋಗಿ, ಚಳಿಗಾಲದಲ್ಲಿ. ಬಾರ್ಜಿನಲ್ಲಿ ದಾಟಿ ಪಾರಿಕುದದ ಕೃಷ್ಣಪ್ರಸಾದ ಅನ್ನೋ ಊರಿನ ಕಡೆ ಹೋಗಿ, ಎಲ್ಲಾದರೂ ಕೂತು ಊಟ ಮಾಡಿ. ಅಂದ ಹಾಗೆ, ಏಡಿ ಕೊಂಡರೆ ದಾರ ಮಾತ್ರ ಬಿಚ್ಚಬೇಡಿ. ನಾನು ಬಿಚ್ಚಿದ್ದೆ.

– ಸಂ.