ದವಡೆ ಆಪರೇಷನ್ನಿಗೆ ಮೊದಲು ಪ್ಲಾಸ್ಟಿಕ್ ದವಡೆ ಮಾಡಿಸುವುದು ನಿಜಕ್ಕೂ ಬೇಕಾ?

ನಿಮ್ಮ ತಂದೆಯವರಿಗೆ ಕೆಳದವಡೆಯ ಕ್ಯಾನ್ಸರ್. ಮೂಳೆಯ ಒಂದು ಭಾಗ ತೆಗೆದು ಆ ಜಾಗಕ್ಕೆ ಕಾಲಿನ ಮೂಳೆ ಕೂರಿಸುತ್ತಾರೆ. ಅದಕ್ಕೂ ಮುಂಚೆ ದವಡೆಯ 3ಡಿ ಮಾಡೆಲ್ (ಸ್ಕ್ಯಾನ್ ನೋಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಪ್ರತಿರೂಪ) ಮಾಡಿಸಲು ಬೇರೆ ದುಡ್ಡು ಕಟ್ಟಿ ಅಂದಿದ್ದಾರೆ, ಇದು ಬಿಲ್ ಏರಿಸುವ ದಾರಿಯೇ ಎಂದು ಕೇಳಿದ್ದೀರಿ.

ನನಗೆ ಹಾಗನ್ನಿಸುವುದಿಲ್ಲ. ನೀವು ಹೇಳಿದ ಆಪರೇಷನ್ನಿಗೆ ಮಾಡೆಲ್ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಆದರೆ ಅದನ್ನು ಹೊಸ ಸಿಟಿ ಸ್ಕ್ಯಾನಿನಿಂದ ಮಾಡಿರಬೇಕು, ಮತ್ತು ಅದಕ್ಕೋಸ್ಕರ ಆಪರೇಷನ್ ತಾರೀಖು ಮುಂದೆ ಹೋಗಬಾರದು. ನಾನು ಡಾಕ್ಟರಲ್ಲ, ಬೆಂಗಳೂರಿನಲ್ಲಿ ಸರ್ಜನ್‌ಗಳಿಗೆ ಇಂಥ ಮಾಡೆಲ್ ಮಾಡಿಕೊಡುವ ಬಯೋಮೆಡಿಕಲ್ ಎಂಜಿನಿಯರ್. ಚಿಕಿತ್ಸೆಯ ತೀರ್ಮಾನ ನಿಮ್ಮ ಸರ್ಜನ್ನರದೇ.

ಮೊಣಕಾಲಿನ ಕೆಳಗೆ ಎರಡು ಮೂಳೆಗಳಿವೆ. ದಪ್ಪದ್ದು ಮೈಭಾರ ಹೊರುತ್ತದೆ, ಹೊರಬದಿಯ ಸಣ್ಣದು ಫಿಬುಲಾ. ಎರಡೂ ತುದಿ ಉಳಿಸಿಕೊಂಡು ನಡುವಿನ ಭಾಗವನ್ನು ಅದರ ರಕ್ತನಾಳದ ಸಮೇತ ತೆಗೆದರೂ ಮನುಷ್ಯ ನಡೆದಾಡಬಲ್ಲ. ಅದನ್ನು ದವಡೆಗೆ ಕೂರಿಸಿ, ರಕ್ತನಾಳವನ್ನು ಕುತ್ತಿಗೆಯ ರಕ್ತನಾಳಕ್ಕೆ ಮೈಕ್ರೋಸ್ಕೋಪಿನಡಿ ಹೊಲಿಯುತ್ತಾರೆ. ಕೆಳದವಡೆಯನ್ನು ಹೀಗೆ ಕಟ್ಟಬಹುದೆಂದು ಅಮೆರಿಕದ ಸರ್ಜನ್ ಡೇವಿಡ್ ಹಿಡಾಲ್ಗೊ 1989ರಲ್ಲಿ ತೋರಿಸಿಕೊಟ್ಟರು.

ಕಷ್ಟ ಇರುವುದು ಆಕಾರದಲ್ಲಿ. ಫಿಬುಲಾ ನೆಟ್ಟಗಿರುತ್ತದೆ, ದವಡೆ ಕುದುರೆಲಾಳದ ಹಾಗೆ ಬಾಗಿರುತ್ತದೆ. ಹಾಗಾಗಿ ಫಿಬುಲಾವನ್ನು ಎರಡು ಮೂರು ತುಂಡು ಮಾಡಿ, ಕೋನ ಸರಿಹೊಂದಿಸಿ, ಟೈಟಾನಿಯಂ ಪ್ಲೇಟಿಗೆ ಸ್ಕ್ರೂ ಹಾಕಿ ಕೂರಿಸಬೇಕು. ಆ ಪ್ಲೇಟ್ ಹೇಗೆ ಬಾಗಿರುತ್ತದೋ ಮುಖ ಹಾಗೆ ಇರುತ್ತದೆ. ಉಳಿದ ಹಲ್ಲುಗಳು ಮೇಲಿನ ಹಲ್ಲಿಗೆ ಕೂಡುವುದು, ಗದ್ದ ನಡುವಿಗೆ ಬರುವುದು, ಬಾಯಿ ಸಲೀಸಾಗಿ ತೆರೆಯುವುದು ಎಲ್ಲಕ್ಕೂ ಅದೇ ಆಧಾರ. ಮಾಡೆಲ್ ಇಲ್ಲದಿದ್ದರೆ ಆಪರೇಷನ್ ಟೇಬಲ್ಲಿನಲ್ಲೇ ದವಡೆಗೆ ಹಿಡಿದು ನೋಡಿ, ಬಗ್ಗಿಸಿ, ಮತ್ತೆ ಹಿಡಿದು, ಮತ್ತೆ ತಿದ್ದಬೇಕು. ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದ ಟೈಟಾನಿಯಂ ದಣಿಯುತ್ತದೆ, ಮುಂದೊಂದು ದಿನ ಅಲ್ಲಿಯೇ ಮುರಿಯಬಹುದು. ಮಾಡೆಲ್ ಕೈಯಲ್ಲಿದ್ದರೆ ಈ ಕೆಲಸ ಹಿಂದಿನ ದಿನವೇ ಅವಸರವಿಲ್ಲದೆ ಮುಗಿದಿರುತ್ತದೆ. ಬಾಗಿದ ಪ್ಲೇಟ್ ಆಟೊಕ್ಲೇವಿಗೆ, ಅಂದರೆ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರಕ್ಕೆ ಹೋಗಿ ಸಿದ್ಧವಾಗಿ ಬರುತ್ತದೆ. ಕಾಲಿನಿಂದ ಬೇರೆಯಾದ ಮೂಳೆಗೆ ಕುತ್ತಿಗೆಯಲ್ಲಿ ನಾಳ ಸೇರಿಸುವವರೆಗೂ ರಕ್ತ ಇರುವುದಿಲ್ಲ, ಆದ್ದರಿಂದ ಅಲ್ಲಿ ಉಳಿತಾಯವಾಗುವ ಪ್ರತಿ ನಿಮಿಷವೂ ಲಾಭವೇ.

ಗೆಡ್ಡೆ ಮೂಳೆಯನ್ನು ಹೊರಗೆ ಉಬ್ಬಿಸಿದ್ದರಂತೂ ಮಾಡೆಲ್ ಇನ್ನೂ ಮುಖ್ಯ. ಉಬ್ಬಿದ ದವಡೆಗೆ ಹಿಡಿದು ಬಗ್ಗಿಸಿದ ಪ್ಲೇಟ್ ಉಬ್ಬಿನ ಆಕಾರವನ್ನೇ ತೆಗೆದುಕೊಳ್ಳುತ್ತದೆ. ಅಂಥಲ್ಲಿ ನಾವು ಚೆನ್ನಾಗಿರುವ ಬದಿಯನ್ನು ಕಂಪ್ಯೂಟರಿನಲ್ಲಿ ಕನ್ನಡಿಬಿಂಬದಂತೆ ತಿರುಗಿಸಿ, ರೋಗವಿರುವ ಬದಿಗೆ ಕೂರಿಸಿ ಪ್ರಿಂಟ್ ಮಾಡುತ್ತೇವೆ. ರೋಗ ಬರುವ ಮೊದಲು ಇದ್ದ ದವಡೆಗೆ ಹತ್ತಿರವಾದ ಆಕಾರ ಸರ್ಜನ್ನರ ಕೈಗೆ ಬರುತ್ತದೆ. ನನ್ನ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಡುವುದು ಇದೇ.

ಆದರೆ ಮಾಡೆಲ್ ಸುಳ್ಳು ಹೇಳಬಲ್ಲದು. ಸಿಟಿ ಸ್ಕ್ಯಾನಿನ ಪದರಗಳಲ್ಲಿ ಯಾವುದು ಮೂಳೆ ಎಂದು ಸಾಂದ್ರತೆ ನೋಡಿ ಬೇರ್ಪಡಿಸುವುದು ನಮ್ಮ ಕೆಲಸ. ಆ ಮಿತಿಯನ್ನು ಸ್ವಲ್ಪ ಮೇಲಿಟ್ಟರೆ ತೆಳು ಮೂಳೆ ಮಾಯವಾಗಿ, ಇಲ್ಲದ ತೂತು ಕಾಣುತ್ತದೆ. ಕೆಳಗಿಟ್ಟರೆ ದವಡೆ ಇರುವುದಕ್ಕಿಂತ ದಪ್ಪವಾಗುತ್ತದೆ. ಹಲ್ಲಿಗೆ ಲೋಹದ ಕ್ಯಾಪ್ ಇದ್ದರೆ ಸುತ್ತಲೂ ಬೆಳಕಿನ ಗೀರುಗಳೆದ್ದು ಮೂಳೆಯ ಅಂಚು ಕಾಣುವುದೇ ಇಲ್ಲ. ಸ್ಕ್ಯಾನ್ ಮಾಡುವಾಗ ಹಲ್ಲು ಕಚ್ಚಿಕೊಂಡಿದ್ದರೆ ಮೇಲಿನ ಮತ್ತು ಕೆಳಗಿನ ಸಾಲು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕೈಯಿಂದ ಬಿಡಿಸಬೇಕು. ಅದಕ್ಕೇ ನಾನು ಪದರ 1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಿರಲಿ, ಹಲ್ಲುಗಳ ನಡುವೆ ಏನಾದರೂ ಇಟ್ಟು ಬಾಯಿ ಸ್ವಲ್ಪ ತೆರೆದಿರಲಿ ಎಂದು ಕೇಳುವುದು. ಫಿಲ್ಮ್ ನೋಡಿ ಮಾಡೆಲ್ ಮಾಡಲಾಗದು, ಡೈಕಾಮ್ ಫೈಲ್‌ಗಳಿರುವ (ಸ್ಕ್ಯಾನಿನ ಮೂಲ ಕಂಪ್ಯೂಟರ್ ಫೈಲ್‌ಗಳು) ಸಿಡಿಯೇ ಬೇಕು. ಸ್ಕ್ಯಾನ್ ಸೆಂಟರಿನಲ್ಲಿ ಅದನ್ನು ಕೇಳಿ ತೆಗೆದುಕೊಳ್ಳಿ.

ಇನ್ನೊಂದು ಮಾತು ನಿಮಗೆ ಗೊತ್ತಿರಬೇಕು. ಮಾಡೆಲ್ ತೋರಿಸುವುದು ಮೂಳೆಯನ್ನು, ಅದೂ ಸ್ಕ್ಯಾನ್ ಮಾಡಿದ ದಿನದ ಮೂಳೆಯನ್ನು. ಕೆನ್ನೆಯ ಒಳಪದರದಲ್ಲೋ ನಾಲಿಗೆಯ ಬುಡದಲ್ಲೋ ಕ್ಯಾನ್ಸರ್ ಎಷ್ಟು ಹರಡಿದೆ ಎಂಬುದು ಅದರಲ್ಲಿ ಇಲ್ಲ. ಆಪರೇಷನ್ ನಡುವೆ ಇನ್ನಷ್ಟು ಮೂಳೆ ತೆಗೆಯಬೇಕೆಂದು ಸರ್ಜನ್ನರಿಗೆ ಅನ್ನಿಸಿದರೆ ತೆಗೆಯಲೇಬೇಕು, ಪ್ಲಾನ್ ಹೀಗಿತ್ತು ಎಂದು ನಿಲ್ಲುವಂತಿಲ್ಲ. ಆಗ ಮೊದಲೇ ಮಾಡಿಟ್ಟ ಅಳತೆಗಳು ಕೆಲಸಕ್ಕೆ ಬಾರದೆ ಹೋಗಬಹುದು. ಮಾಡೆಲ್ ಇಲ್ಲದೆಯೂ ಈ ಆಪರೇಷನ್ ಮಾಡಿ ಪಳಗಿದ ಕೈಯಲ್ಲಿ ಮಾತ್ರ ಮಾಡೆಲ್ಲಿಗೆ ಬೆಲೆ. ಸ್ಕ್ಯಾನ್ ಹಳೆಯದಾಗಿ ಗೆಡ್ಡೆ ಬೆಳೆದಿದ್ದರೂ ಇದೇ ತೊಂದರೆ. ಮಾಡೆಲ್ ಬರುವುದು ತಡವಾಗುತ್ತದೆ, ಆಪರೇಷನ್ ಮುಂದೂಡೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಸರ್ಜನ್ನರನ್ನು ನೇರವಾಗಿ ಕೇಳಿ. ಬರೀ ದವಡೆಯನ್ನು ಪ್ರಿಂಟ್ ಮಾಡಲು ಒಂದು ರಾತ್ರಿ ಸಾಕು.

ದುಡ್ಡಿನ ವಿಷಯ. ಮಾಮೂಲಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ದವಡೆಯೊಂದನ್ನೇ ಮಾಡಿದರೆ ಸಾಮಗ್ರಿಯ ಖರ್ಚು ತೀರ ಕಡಿಮೆ, ಉಳಿದದ್ದು ಕೂತು ಮಾಡುವವರ ಸಮಯದ ಬೆಲೆ. ಸ್ಕ್ಯಾನಿನಿಂದ ಮೂಳೆ ಬೇರ್ಪಡಿಸಲು 3ಡಿ ಸ್ಲೈಸರ್‌ನಂಥ ಉಚಿತ ಸಾಫ್ಟ್‌ವೇರ್ ಇರುವುದರಿಂದ ಅದಕ್ಕೂ ದುಡ್ಡು ಸುರಿಯಬೇಕಿಲ್ಲ. ಖರ್ಚು ಏರುವುದು ಕಟಿಂಗ್ ಗೈಡ್ ಮಾಡಿಸಿದಾಗ. ಮೂಳೆಗೆ ಕಚ್ಚಿ ಕೂತು, ಗರಗಸ ಎಲ್ಲಿ ಯಾವ ಕೋನದಲ್ಲಿ ಹೋಗಬೇಕೆಂದು ತೋರಿಸುವ ಅಚ್ಚು ಅದು. ಗೈಡ್ ಇದ್ದರೆ ಫಿಬುಲಾಕ್ಕೆ ಕಾಲಿನಿಂದ ರಕ್ತ ಹರಿಯುತ್ತಿರುವಾಗಲೇ ಅದನ್ನು ತುಂಡು ಮಾಡಿಕೊಳ್ಳಬಹುದು. ಗೈಡ್ ದೇಹದೊಳಕ್ಕೆ ಹೋಗುವುದರಿಂದ ದೇಹಕ್ಕೆ ಒಗ್ಗುವ, ಸ್ಟೆರಿಲೈಸೇಶನ್ ತಡೆಯುವ ವಸ್ತುವಿನದಾಗಿರಬೇಕು. ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಆಟೊಕ್ಲೇವಿನ 121 ಡಿಗ್ರಿಯಲ್ಲಿ ಸೊಟ್ಟಗಾಗಿಬಿಡುತ್ತದೆ. ಹಾಗಾಗಿ ನಿಮಗೆ ಹೇಳಿದ ಮೊತ್ತ ಬರೀ ಮಾಡೆಲ್ಲಿಗೋ ಗೈಡ್ ಸೇರಿಯೋ ಎಂದು ವಿಚಾರಿಸಿ. ಗೈಡ್ ಕೈಗೆ ಎಟುಕದಿದ್ದರೆ ಬರೀ ಮಾಡೆಲ್ಲಾದರೂ ಇರಲಿ ಎನ್ನುತ್ತೇನೆ, ಪ್ಲೇಟ್ ಮೊದಲೇ ಬಗ್ಗಿಸುವ ಲಾಭ ಅದರಲ್ಲೇ ಸಿಗುತ್ತದೆ. ದವಡೆಯ ಮೇಲಂಚನ್ನಷ್ಟೇ ಕೆತ್ತಿ ತೆಗೆದು ಕೆಳಗಿನ ಮೂಳೆ ಹಾಗೇ ಉಳಿಸುವ ಆಪರೇಷನ್ ಆದರೆ ಸಾಮಾನ್ಯವಾಗಿ ಮಾಡೆಲ್ಲಿನ ಅಗತ್ಯವಿಲ್ಲ, ಆದರೆ ನಿಮ್ಮ ತಂದೆಯವರದು ಅದಲ್ಲ.

ತಂಬಾಕು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಇಷ್ಟೊಂದಿರುವ ನಮ್ಮಲ್ಲಿ ಈ ಆಪರೇಷನ್ ಮಾಡುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಒಂದು ಪ್ರಿಂಟರ್, ಅದನ್ನು ಬಲ್ಲ ಒಬ್ಬರು ಇರಬೇಕು. ನಿಮ್ಮಂಥವರು ಇದಕ್ಕೆ ಬೇರೆ ದುಡ್ಡು ಹೊಂದಿಸುವ ಪರಿಸ್ಥಿತಿ ಬರಲೇಬಾರದು.

ಕಾಲಿನ ರಕ್ತನಾಳಗಳ ಸ್ಕ್ಯಾನ್ ಆಗಿದೆಯೇ ಎಂದೂ ಕೇಳಿ. ಕೆಲವರಿಗೆ ಪಾದಕ್ಕೆ ರಕ್ತ ಹೋಗುವುದೇ ಮುಖ್ಯವಾಗಿ ಫಿಬುಲಾ ಪಕ್ಕದ ನಾಳದಿಂದ, ಅಂಥವರ ಆ ಕಾಲನ್ನು ಮುಟ್ಟುವ ಹಾಗಿಲ್ಲ. ದವಡೆಯ ಸಿಟಿ ಯಾವ ತಾರೀಖಿನದು, ಪದರ ಎಷ್ಟು ತೆಳು ಎಂದು ಇಲ್ಲೇ ಬರೆಯಿರಿ. ಅದರಿಂದ ಮಾಡೆಲ್ ಮಾಡಬಹುದೋ ಹೊಸ ಸ್ಕ್ಯಾನ್ ಬೇಕೋ ಎಂದು ಹೇಳುತ್ತೇನೆ.