ಇಲಿಗೆ ನಾಲ್ಕು ದಿನ, ನನಗ್ಯಾಕೆ ನಾಲ್ಕು ವಾರ?

ಇತ್ತೀಚೆಗೆ ಇಂಥದ್ದೇ ಮಾತು ಹಿಡಿದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಮೂರನೆಯವರು ಇವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ವಯಸ್ಸು ಮೂವತ್ತರ ಆಸುಪಾಸು. ಮನೋವೈದ್ಯರು ಖಿನ್ನತೆಗೆ ಮಾತ್ರೆ ಶುರು ಮಾಡಿ ಹನ್ನೊಂದು ದಿನ ಆಗಿತ್ತು. ಅದರ ಪರಿಣಾಮ ಕಾಣಲು ನಾಲ್ಕು ವಾರವಾದರೂ ಆಗಬಹುದು. ಉಳಿದದ್ದು ಇಲ್ಲಿ ಬೇಡ.

ಆ ದಿನ ಕೂರುವ ಮೊದಲೇ ಜೇಬಿನಿಂದ ಪುಟ್ಟ ಗಾಜಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ. ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂಬ ಚೀಟಿ. ಆನ್‌ಲೈನ್‌ನಲ್ಲಿ ತರಿಸಿದ್ದು.

“ಸ್ಪಾಡಿನ್ ಜಾತಿಯದು ಮೇಡಂ. ಮೂಲ ನಮ್ಮ ದೇಹದಲ್ಲೇ ಇದೆ. ಇಲಿಗೆ ನಾಲ್ಕೇ ದಿನದಲ್ಲಿ ಕೆಲಸ ಮಾಡಿದೆ. ಇಲಿಗೆ ನಾಲ್ಕು ದಿನ, ನನಗ್ಯಾಕೆ ನಾಲ್ಕು ವಾರ?”

ಹೇಳಿದ್ದು ಸುಳ್ಳಲ್ಲ. ಸಾರ್ಟಿಲಿನ್ ಎಂಬ ಪ್ರೋಟೀನ್ ದೇಹದಲ್ಲಿ ತಯಾರಾಗುವಾಗ ಒಂದು ತುಂಡು ಕಳಚಿಕೊಳ್ಳುತ್ತದೆ. 2010ರಲ್ಲಿ ಫ್ರಾನ್ಸಿನ ಸಂಶೋಧಕರು ಅದರಿಂದ ಸ್ಪಾಡಿನ್ ರೂಪಿಸಿದರು. ನರಕೋಶದಿಂದ ಪೊಟ್ಯಾಸಿಯಂ ಹೊರಹೋಗುವ ಟ್ರೆಕ್-1 ಎಂಬ ಕಿಂಡಿಯನ್ನು ಅದು ಮುಚ್ಚುತ್ತದೆ. ಖಿನ್ನತೆಯ ಔಷಧಿಗಳನ್ನು ಪರೀಕ್ಷಿಸುವ ರೀತಿಯಲ್ಲಿ ನೀರಿಗೆ ಬಿಟ್ಟ ಇಲಿಗಳು ಸುಮ್ನೆ ತೇಲುವುದು ಬಿಟ್ಟು ಜಾಸ್ತಿ ಹೊತ್ತು ಕೈಕಾಲು ಆಡಿಸಿದವು. ಆದರೆ ಇದು ಅನುಮತಿ ಪಡೆದ ಔಷಧಿಯಲ್ಲ. ಬಾಟಲಿಯಲ್ಲಿರುವುದು ಅದೇನಾ ಎಂದು ಹೇಳುವವರೂ ಇಲ್ಲ. ಹಾವಿನ ವಿಷವೂ ನೈಸರ್ಗಿಕವೇ ಅಲ್ವಾ?

ಇದನ್ನೆಲ್ಲ ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ವಿಜ್ಞಾನ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಾಗಬೇಕಿದ್ದದ್ದು ಆ ಅವಸರ ಯಾಕೆ ಅಂತ.

“ನಾಲ್ಕು ವಾರ ಕಾಯೋಕೆ ಆಗಲ್ಲ ಅನಿಸ್ತಿದೆಯಾ? ಸಾಯಬೇಕು ಅನಿಸುತ್ತಾ?”

ಬಾಟಲಿಯನ್ನು ಉರುಳಿಸುತ್ತಿದ್ದ ಬೆರಳು ನಿಂತಿತು. “ರಾತ್ರಿ ಹೊತ್ತು.”

ಮುಂದೆ ಬಾಟಲಿಯ ಬಗ್ಗೆ ವಾದ ನಡೆಯಲಿಲ್ಲ. ಅವರ ಎದುರೇ ಮನೋವೈದ್ಯರಿಗೆ ಫೋನ್ ಮಾಡಿದೆವು, ಅದೇ ಸಂಜೆ ಭೇಟಿ ಗೊತ್ತಾಯಿತು. ಅವರ ಅಕ್ಕ ಬಂದು ಜೊತೆಗೆ ಕರೆದುಕೊಂಡು ಹೋದರು. ನಾನು ಹೇಳಿದ್ದು ಇಷ್ಟು: ಬಾಟಲಿಯದನ್ನು ಚುಚ್ಚಿಕೊಳ್ಳಬೇಡಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ರಾತ್ರಿ ಒಬ್ಬರೇ ಇರಬೇಡಿ, ವಾರಕ್ಕೆ ಎರಡು ಸಲ ಬನ್ನಿ. ಬೇಗ ಕೆಲಸ ಮಾಡುವ ಚಿಕಿತ್ಸೆ ಬೇಕೆಂದರೆ ವೈದ್ಯರನ್ನೇ ಕೇಳಿ. ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ ಅಮೆರಿಕದಲ್ಲಿ 2019ರಲ್ಲೇ ಅನುಮತಿ ಸಿಕ್ಕಿದೆ. ಅದನ್ನೂ ಮನೆಗೆ ಕೊಟ್ಟು ಕಳಿಸುವುದಿಲ್ಲ, ಚಿಕಿತ್ಸಾಲಯದಲ್ಲೇ ಕೊಟ್ಟು ಕನಿಷ್ಠ ಎರಡು ಗಂಟೆ ಕಣ್ಣಿಟ್ಟಿರುತ್ತಾರೆ.

ಬಾಟಲಿ ನೋಡಿದ ತಕ್ಷಣ ಬೈಯಬೇಕಿತ್ತು ಎಂದರು ಸಹೋದ್ಯೋಗಿಯೊಬ್ಬರು. ನಾನು ಒಪ್ಪುವುದಿಲ್ಲ. ಬೈದಿದ್ದರೆ ಅದು ಜೇಬಿಗೆ ವಾಪಸ್ ಹೋಗುತ್ತಿತ್ತು, ರಾತ್ರಿಯ ಮಾತೂ ಅದರ ಜೊತೆಗೇ ಹೋಗುತ್ತಿತ್ತು.

ಹೋಗುವಾಗ ಬಾಟಲಿ ನನ್ನ ಬಳಿಯೇ ಬಿಟ್ಟರು. ಆರನೇ ವಾರ ಡ್ರಾಯರ್ ತೆರೆದಾಗ ಕಣ್ಣಿಗೆ ಬಿತ್ತು.

“ಅಯ್ಯೋ ಮೇಡಂ, ಅದನ್ನ ಫ್ರಿಜ್‌ನಲ್ಲಿ ಇಡಬೇಕಿತ್ತು” ಎಂದರು.